ದೇವದುರ್ಗದ ಮಾಳಿಗೆಗೆ ಸ್ವಿಟ್ಜರ್ಲೆಂಡಿನ ಮರೆ

ಮಾಳಿಗೆಯ ಬಾಗಿಲ ಪಕ್ಕದಲ್ಲಿ ಇಟ್ಟಂಗಿಗಳನ್ನು ಒಟ್ಟಿದ್ದರು. ಮೇಲಿನ ಸಾಲಿನ ಒಂದರಲ್ಲಿ ನಾಯಿಯ ಹೆಜ್ಜೆ ಮೂಡಿತ್ತು. ಮಣ್ಣು ಹಸಿಯಿದ್ದಾಗ ತುಳಿದುಕೊಂಡು ಹೋಗಿರಬೇಕು. ಭಟ್ಟಿಯಲ್ಲಿ ಸುಟ್ಟ ಮೇಲೂ ಬೆರಳು, ಅಂಗಾಲು ಎಲ್ಲ ಸ್ಪಷ್ಟವಾಗಿ ಉಳಿದಿದ್ದವು.

ಆ ಇಟ್ಟಂಗಿಗಳು ಬಂದದ್ದು ಬಾಗಿಲು ಮುಚ್ಚುವುದಕ್ಕೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ರಾಯಚೂರಿನಲ್ಲಿ ಸರ್ಕಾರಿ ಕಟ್ಟಡಗಳ ನಕ್ಷೆ ತಯಾರಿಸುವ ಒಂದು ಕಚೇರಿಯಲ್ಲಿದ್ದೆ. ದೇವದುರ್ಗದಲ್ಲಿ ಕಾಲೇಜು ಓದುವ ಹೆಣ್ಣುಮಕ್ಕಳಿಗೆ ಹಾಸ್ಟೆಲು ಕಟ್ಟುವ ಕೆಲಸ ಬಂದಾಗ ನಕ್ಷೆ ಬರೆಯಲು ನನಗೆ ಕೊಟ್ಟರು. ನಾನೊಬ್ಬಳೇ ಪೂರ್ತಿ ಬರೆದ ಮೊದಲ ಕಟ್ಟಡ ಅದು. ಆ ನಕ್ಷೆಯಲ್ಲಿ ಒಂದು ಮೆಟ್ಟಿಲು ಇತ್ತು, ಮೆಟ್ಟಿಲ ತುದಿಗೆ ಒಂದು ಬಾಗಿಲು, ಬಾಗಿಲಿನಾಚೆ ಬಯಲು ಮಾಳಿಗೆ. ನಮ್ಮ ಎಂಜಿನಿಯರು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಮೆಟ್ಟಿಲಿನ ಮೇಲೆ ಬೆರಳಿಟ್ಟರು.

"ಹೆಣ್ಮಕ್ಕಳ ಹಾಸ್ಟೆಲ್ಲಿಗೆ ಮಾಳಿಗಿ ಮೆಟ್ಟಲಾ ಯಾಕವಾ? ನೀರಿನ ಟಾಕಿ ನೋಡಾಕ ಒಂದು ನಿಚ್ಚಣಿಕಿ ಇದ್ರ ಸಾಕಲ್ಲ."

"ಮಲಗಾಕ ಸರ್."

"ಮಲಗಾಕ ಖೋಲಿ ಅದಾವಲ್ಲ?"

"ಮಾರ್ಚ್ ತಿಂಗಳದಾಗ ನೀವು ಖೋಲ್ಯಾಗ ಮಲಗತೀರೇನ್ರಿ?"

ಅವರು ನಕ್ಕುಬಿಟ್ಟರು. ರಾಯಚೂರಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಶಿವರಾತ್ರಿ ಕಳೆದರೆ ಇಡೀ ಊರು ಹಾಸಿಗೆ ಹೊತ್ತು ಮೇಲೆ ಹೋಗುತ್ತದೆ. "ನಾನು ಗಂಡಸು ಅದೀನಿ, ನನ್ನ ಮಾತು ಬಿಡು," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಬ್ಯಾಡಂತ ನಾ ಹೇಳಂಗಿಲ್ಲ. ಕಟ್ಟು. ಆದ್ರ ಹಾಸ್ಟೆಲ್ ಚಾಲೂ ಮಾಡೂ ಮುಂಚೆ ಪಾಲಕರನ್ನ ಕರಸ್ತೀನಿ. ಅವರೊಳಗ ಒಬ್ಬರು ಬ್ಯಾಡಂದ್ರೂ ಬಾಗಲಕ್ಕ ಇಟ್ಟಂಗಿ ಕಟ್ಟಿಸಿಬಿಡ್ತೀನಿ. ಮುಂದ ನನ್ನ ಮ್ಯಾಲ ಸಿಟ್ಟಾಗಬ್ಯಾಡ," ಎಂದರು.

ಮಾತಿಗೆ ತಪ್ಪದ ಮನುಷ್ಯ. ಹಾಗಾಗಿ ಪಾಲಕರು ಬರುವ ಹಿಂದಿನ ದಿನ ಇಟ್ಟಂಗಿಗಳು ಬಂದು ಕುಳಿತಿದ್ದವು.

ಆ ಬಾಗಿಲು ನನಗೇಕೆ ಅಷ್ಟು ಮುಖ್ಯವಾಗಿತ್ತು ಎಂಬುದನ್ನು ಅವರಿಗೆ ಹೇಳಿರಲಿಲ್ಲ. ಹೇಳುವ ಅಭ್ಯಾಸವೂ ನನಗಿಲ್ಲ.

ನಾನು ಬೆಳೆದದ್ದು ಮಾನ್ವಿಯಲ್ಲಿ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ಬೇಸಿಗೆಯ ಸಂಜೆ ಅವ್ವ ಮಾಳಿಗೆಗೆ ನೀರು ಚಿಮುಕಿಸುತ್ತಿದ್ದಳು. ಬಿಸಿ ಮಣ್ಣು ಸುಯ್ಯೆಂದು ಉಸಿರು ಬಿಟ್ಟು ಆರುತ್ತಿತ್ತು. ಗಂಡಸರು ಊಟವಾದ ಕೂಡಲೇ ಮೇಲೆ ಹೋಗುತ್ತಿದ್ದರು. ಹೆಂಗಸರು ಪಾತ್ರೆ ತಿಕ್ಕಿ, ಒಲೆ ಸಾರಿಸಿ, ಸುತ್ತಲಿನ ಮಾಳಿಗೆಗಳಲ್ಲಿ ಮಾತು ಅಡಗಿದ ಮೇಲೆ ಹತ್ತುತ್ತಿದ್ದರು. ನಡುವೆ ಹಗ್ಗ ಕಟ್ಟಿ ಹಳೆಯ ಸೀರೆಯೊಂದನ್ನು ಇಳಿಬಿಟ್ಟರೆ ಆಚೆ ಅವರ ಜಾಗ, ಈಚೆ ನಮ್ಮದು. ಕಷ್ಟವಾಗುತ್ತಿದ್ದದ್ದು ಬೆಳಗಿನ ಹೊತ್ತು. ನಸುಕಿನಲ್ಲಿ ತಂಪು ಗಾಳಿ ಬೀಸತೊಡಗಿ, ರಾತ್ರಿಯಿಡೀ ಬಾರದ ನಿದ್ದೆ ಬರುವ ಹೊತ್ತಿಗೆ ಸರಿಯಾಗಿ ಅವ್ವ ಭುಜ ಅಲುಗಿಸುತ್ತಿದ್ದಳು.

"ಏಳ್ಲೇ ಹುಡುಗಿ, ಬೆಳಕಾಗಾಕತ್ತದ. ಬಾಜೂ ಮಂದಿ ಏಳೂದರಾಗ ಇಳೀಬೇಕು."

ಹಾಸಿಗೆ ಸುತ್ತಿ, ಕಣ್ಣು ಮುಚ್ಚಿಕೊಂಡೇ ಇಳಿದು, ಹಿಂದಿನ ದಿನದ ಕಾವು ಇನ್ನೂ ತುಂಬಿಕೊಂಡಿದ್ದ ಖೋಲಿಗೆ ಹೋಗುತ್ತಿದ್ದೆವು. ಅಣ್ಣ ಮಾತ್ರ ಮೈಮೇಲೆ ಬಿಸಿಲು ಬೀಳುವವರೆಗೆ ಮಲಗಿರುತ್ತಿದ್ದ. ಅವನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಬಿಸಿಲು ಬಂದು ಎಬ್ಬಿಸುವುದೆಂದರೆ ಹೇಗಿರುತ್ತದೆ ಎಂದು ತಿಳಿಯುವ ಆಸೆ ಇತ್ತು, ಅಷ್ಟೇ.

ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ವಾಸ್ತುಶಿಲ್ಪ ಓದುವಾಗ, ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆ ಪ್ರಸಿದ್ಧ ವಾಸ್ತುಶಿಲ್ಪಿಯನ್ನು. ನಮ್ಮ ದೇಶದ ಉತ್ತರದಲ್ಲಿ ಹೊಸದೊಂದು ನಗರಕ್ಕೆ ನಕ್ಷೆ ಹಾಕಿದಾತ ಎಂಬ ಕಾರಣಕ್ಕೆ ತರಗತಿಯಲ್ಲಿ ಎಲ್ಲರಿಗೂ ಆತನ ಹೆಸರು ಗೊತ್ತಿತ್ತು. ಮೇಷ್ಟ್ರು ಕಿಟಕಿಗಳಿಗೆ ಕಂಬಳಿ ಕಟ್ಟಿಸಿ, ಗೋಡೆಯ ಮೇಲೆ ಆತನ ಕಟ್ಟಡಗಳ ಚಿತ್ರ ಬಿಟ್ಟು ತೋರಿಸುತ್ತಿದ್ದರು. ಹುಡುಗರು ದೊಡ್ಡ ದೊಡ್ಡ ಕಾಂಕ್ರೀಟು ಕಮಾನುಗಳಿಗೆ ಮಾರುಹೋದರು. ನಾನು ಆ ಮನುಷ್ಯನ ಬದುಕಿನ ಕ್ರಮಕ್ಕೆ ಮಾರುಹೋದೆ.

ಗಡಿಯಾರ ಮಾಡುವವರ ಬೆಟ್ಟದೂರಿನಲ್ಲಿ ಹುಟ್ಟಿದವನು. ತಂದೆ ಗಡಿಯಾರದ ಮುಖಗಳಿಗೆ ಬಣ್ಣದ ಹೊಳಪು ಕೊಡುತ್ತಿದ್ದ, ತಾಯಿ ಪಿಯಾನೋ ಕಲಿಸುತ್ತಿದ್ದಳು. ತಾನೂ ಮೊದಲು ಕಲಿತದ್ದು ಗಡಿಯಾರದ ಕವಚದ ಮೇಲೆ ಕೆತ್ತುವ ಕೆಲಸ. ವಾಸ್ತುಶಿಲ್ಪದ ಪದವಿ ಆತನಿಗಿರಲಿಲ್ಲ. ಹುಡುಗನಿದ್ದಾಗಲೇ ಮೊದಲ ಮನೆ ಕಟ್ಟಿದ, ಪ್ಯಾರಿಸಿಗೆ ಹೋಗಿ ತನಗೊಂದು ಹೊಸ ಹೆಸರನ್ನು ತಾನೇ ಇಟ್ಟುಕೊಂಡ, ಅಪ್ಪ ಅಮ್ಮನಿಗೆ ಸರೋವರದ ದಂಡೆಯಲ್ಲಿ ಒಂದು ಪುಟ್ಟ ಮನೆಯನ್ನೂ ಕಟ್ಟಿದ. ಮನೆಯನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸು, ಮೇಲಿನ ಚಪ್ಪಟೆ ಮಾಳಿಗೆಯಲ್ಲೂ ಜನ ಬದುಕಲಿ ಎಂದು ಜಗತ್ತಿಗೆಲ್ಲ ಹೇಳಿದ. ಹೆಂಚಿನ ಇಳಿಜಾರು ಸೂರಿನ ಜನಕ್ಕೆ ಅದು ದೊಡ್ಡ ಸುದ್ದಿ. ಪುಸ್ತಕದಲ್ಲಿ ಆ ಭಾಗ ಓದಿದಾಗ ನನಗೆ ನಗು ಬಂದಿತ್ತು. ಮಾನ್ವಿಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಪ್ಯಾರಿಸಿನಲ್ಲಿ, ಮನೆಮಠವಿಲ್ಲದವರಿಗಾಗಿ ಆತ ಒಂದು ದೊಡ್ಡ ವಸತಿಗೃಹ ಕಟ್ಟಿದ. ಬಿಸಿಲಿನತ್ತ ಮುಖ ಮಾಡಿದ ಗೋಡೆಯೆಲ್ಲ ಗಾಜು, ತೆರೆಯುವ ಕಿಟಕಿ ಇಲ್ಲ. ಚಳಿಗಾಲದಲ್ಲಿ ಚೆನ್ನಾಗಿತ್ತಂತೆ. ಬೇಸಿಗೆ ಬಂದಾಗ ಒಳಗಿದ್ದವರು ಬೆಂದುಹೋದರು. ಬಿಸಿಲು ಗಾಜಿಗೆ ತಾಗದಂತೆ ಹೊರಗಡೆ ಕಾಂಕ್ರೀಟಿನ ಅಡ್ಡ ಉದ್ದ ಹಲಗೆಗಳನ್ನು ನಿಲ್ಲಿಸುವ ಉಪಾಯವನ್ನು ಆತ ಹಿಡಿದದ್ದು ಇಂಥ ಕಟ್ಟಡಗಳ ಅನುಭವದಿಂದ. ಅರವತ್ತು ದಾಟಿ ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಆ ಹಲಗೆಗಳೇ ಆತನ ಕಟ್ಟಡಗಳ ಮುಖವಾಗಿದ್ದವು. ಹಿಮ ಬೀಳುವ ಊರಿನವನು ಬಿಸಿಲನ್ನು ಕಲಿತದ್ದು ಒಂದು ಹಾಸ್ಟೆಲನ್ನು ಕೆಡಿಸಿಕೊಂಡು. ಪ್ರಬಂಧದಲ್ಲಿ ಇದಕ್ಕೆ ನಾನು ಪುಟಗಟ್ಟಲೆ ಬರೆದಿದ್ದೆ. ಮೇಷ್ಟ್ರು "ಮಹಾನ್ ಕೆಲಸಗಳ ಬಗ್ಗೆ ಕಡಿಮೆಯಾಯಿತು" ಎಂದಿದ್ದರು.

ದೇವದುರ್ಗದ ನಿವೇಶನಕ್ಕೆ ಮೊದಲ ಸಲ ಹೋದಾಗ ಆ ಹಲಗೆಗಳು ನೆನಪಾದವು. ಮೂಡಣಕ್ಕೆ ಖಾಲಿ ಹೊಲ. ಪಡುವಣಕ್ಕೆ ಕುರಿ ಸಾಕುವವರ ಒಂದು ಮನೆ, ಅದರ ಮಣ್ಣಿನ ಮಾಳಿಗೆ ಸರಿಸುಮಾರು ನಮ್ಮದರ ಎತ್ತರಕ್ಕೇ. ಸಂಜೆಯ ಗಾಳಿ ಬರುವುದೂ ಪಡುವಣದಿಂದಲೇ. ಆ ದಿಕ್ಕಿಗೆ ಎತ್ತರದ ಗೋಡೆ ಕಟ್ಟಿದರೆ ಕಣ್ಣು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಕಟ್ಟದಿದ್ದರೆ ಎರಡೂ ಬರುತ್ತವೆ. ನಾನು ಶಹಾಬಾದಿ ಫರಸಿ ಚಪ್ಪಡಿಗಳನ್ನು ಆಳೆತ್ತರ ನಿಲ್ಲಿಸಿ, ಒಂದೊಂದನ್ನೂ ಓರೆಯಾಗಿ ತಿರುಗಿಸಿ, ಕೆಳಗೆ ಮೇಲೆ ಕಾಂಕ್ರೀಟಿನ ಪಟ್ಟಿಯಲ್ಲಿ ಹಿಡಿಸಿದೆ. ಎದುರು ಮಾಳಿಗೆಯಿಂದ ನೋಡಿದರೆ ಒಂದರ ಅಂಚು ಇನ್ನೊಂದನ್ನು ಮುಚ್ಚಿ ಬರೀ ಕಲ್ಲು ಕಾಣಬೇಕು. ಗಾಳಿ ಮಾತ್ರ ಕಲ್ಲಿನ ಬೆನ್ನು ಸವರಿಕೊಂಡು ಒಳಗೆ ತಿರುಗಬೇಕು. ಆತ ಬಿಸಿಲಿಗೆ ಅಡ್ಡ ಹಿಡಿದದ್ದನ್ನು ನಾನು ಕಣ್ಣಿಗೆ ಅಡ್ಡ ಹಿಡಿದಿದ್ದೆ.

"ಫರಸಿ ಅಂದ್ರ ನೆಲಕ್ಕ ಹಾಸೂದು ಬಾಯಾರ," ಎಂದು ಗೌಂಡಿ ದಿನಾ ಗೊಣಗುತ್ತಿದ್ದ. "ನೀವು ಅದನ್ನ ಶಾಲೀ ಹುಡುಗರಗತೆ ಸಾಲಾಗಿ ನಿಂದ್ರಸಾಕ ಹಚ್ಚೀರಿ." ಆದರೂ ಚೆನ್ನಾಗಿಯೇ ನಿಲ್ಲಿಸಿದ.

ಪಾಲಕರು ಬೆಳಿಗ್ಗೆ ಬಸ್ಸು, ಚಕ್ಕಡಿಗಳಲ್ಲಿ ಬಂದರು. ದೇವದುರ್ಗದ ಸುತ್ತಲಿನ ಹಳ್ಳಿಗಳವರು ಕೆಲವರು, ಮಸರಕಲ್ಲಿನವರು ಕೆಲವರು. ಖೋಲಿ ನೋಡಿದರು, ಅಡುಗೆಮನೆ ನೋಡಿದರು, ನಲ್ಲಿ ತಿರುಗಿಸಿದರು. ಮಾಳಿಗೆಗೆ ಬಂದಾಗ ಮಸರಕಲ್ಲಿನ ಹೆಂಗಸರು ಗಾಳಿಗೆ ಮುಖವೊಡ್ಡಿ ಕುಳಿತೇಬಿಟ್ಟರು. ನನ್ನ ಎದೆ ಸ್ವಲ್ಪ ಹಗುರಾಯಿತು.

ಆಗ ಕವಿತಾಳದ ಜವಳಿ ವ್ಯಾಪಾರಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಕೋಲೂರಿಕೊಂಡು ಅವರ ತಾಯಿ. ಮಗಳನ್ನು ಕಾಲೇಜಿಗೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಇಬ್ಬರೂ ಬಂದಿದ್ದರು. ವ್ಯಾಪಾರಿ ಒಂದು ಸುತ್ತು ಹಾಕಿ, ಫರಸಿಗಳ ಸಂದಿಗೆ ಕೈ ತೂರಿಸಿ ನೋಡಿ, ನನ್ನ ಕಡೆ ತಿರುಗಿದರು.

"ಬಾಯಾರ, ಕಟ್ಟಡ ಚೊಲೋ ಅದ, ಸುಳ್ಳ್ಯಾಕ ಹೇಳ್ಲಿ. ಖರೆ ಈ ಮಾಳಿಗಿ ನನಗ ಸರಿ ಕಾಣವಲ್ದು. ಬಾಜೂ ಮನಿಯವರು ನೋಡ್ತಾರ."

"ಕಾಣಂಗಿಲ್ರಿ ಸಾಹೇಬ್ರ."

"ಹ್ಯಾಂಗ ಕಾಣಂಗಿಲ್ಲ? ನಡಬರಕ ಸಂದಿ ಬಿಟ್ಟೀರಿ. ಗಾಳಿ ಬರೂ ಜಾಗದಾಗ ಕಣ್ಣು ಬರಂಗಿಲ್ಲೇನು?"

ಓರೆ, ಕೋನ, ನೋಟದ ರೇಖೆ ಎಂದು ನಾನು ವಿವರಿಸತೊಡಗಿದೆ. ನನ್ನ ಮಾತು ನನಗೇ ಪರೀಕ್ಷೆಯ ಉತ್ತರದಂತೆ ಕೇಳಿಸಿತು. ಅವರು ಸೌಜನ್ಯದಿಂದ ತಲೆಯಾಡಿಸಿದರು, ಆಮೇಲೆ ನಮ್ಮ ಎಂಜಿನಿಯರ ಕಡೆ ನೋಡಿ, "ನನ್ನ ಮಗಳು ಇಲ್ಲಿರಬೇಕಂದ್ರ ಈ ಬಾಗಿಲಾ ಬ್ಯಾಡ್ರಿ," ಎಂದರು. ಎಂಜಿನಿಯರು ಇಟ್ಟಂಗಿಗಳ ಕಡೆ ನೋಡಿದರು. ಕೆಳಗಿನಿಂದ ಗೌಂಡಿ ಕೂಗಿ ಕೇಳಿದ: "ಸಿಮೆಂಟ ಕಲಸಲೇನ್ರಿ?"

ಅದಕ್ಕೂ ಮುಂಚೆ ಅಷ್ಟು ಜನರ ನಡುವೆ ಗಟ್ಟಿಯಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಅಂದು ಮಾತಾಡಿದೆ.

"ಕಲಸಬ್ಯಾಡ, ತಡಿ. ಸಾಹೇಬ್ರ, ಆ ಮಾಳಿಗಿ ಹತ್ತಿ ನೀವ ನೋಡ್ರಿ. ನಿಮ್ಮ ತಾಯಿ ಇಲ್ಲೇ ನಿಂತಿರ್ಲಿ. ಕಂಡ್ರ ನಾನ ಮೊದಲ ಇಟ್ಟಂಗಿ ಇಡ್ತೀನಿ."

ಅವರ ತಾಯಿ ಕೋಲನ್ನು ನೆಲಕ್ಕೆ ಕುಟ್ಟಿ, "ಜಾ, ಜಾ," ಎಂದು ಮಗನನ್ನು ಅಟ್ಟಿದರು.

ಕುರಿಯವರ ಅಂಗಳದಲ್ಲಿ ಒಬ್ಬ ಹೆಂಗಸು ಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ವ್ಯಾಪಾರಿ ಇಳಿದು ಅಲ್ಲಿಗೆ ಹೋಗಿ ನಿಂತರು. ನಾನು ಮೂಲೆಯಿಂದ ಬಗ್ಗಿ, "ಯಕ್ಕಾ, ಈ ಸಾಹೇಬ್ರು ಒಂದೀಟು ನಿಮ್ಮ ಮಾಳಿಗಿ ಹತ್ತಲೇನು?" ಎಂದು ಕೇಳಿದೆ.

"ಯಾಕಬೇ? ನಮ್ಮ ಮಾಳಿಗಿ ಮ್ಯಾಲ ಏನದ?"

"ಅಲ್ಲಿಂದ ಹೆಣ್ಮಕ್ಕಳು ಕಾಣತಾರೇನು ಅಂತ ನೋಡಾಕ."

"ಅಯ್ಯ ಯಪ್ಪಾ!" ಅವಳು ಬಾಯಿಗೆ ಸೆರಗು ಹಿಡಿದಳು. "ಹೆಣ್ಮಕ್ಕಳು ಕಾಣತಾರೇನು ನೋಡಾಕ ಇಷ್ಟು ಗಡ್ಡ ಬಿಟ್ಟ ಮನಷ್ಯಾ ಹಾಡಹಗಲೇ ಮಾಳಿಗಿ ಹತ್ತತಾನ! ಹತ್ತರಿ ಸಾಹೇಬ್ರ, ಹತ್ತರಿ. ನಿಚ್ಚಣಿಕಿ ಮುರದ್ರ ನಾ ಜವಾಬ್ದಾರಲ್ಲ."

ಮಸರಕಲ್ಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ವ್ಯಾಪಾರಿಯ ಕಿವಿ ಕೆಂಪಾಯಿತು. ಆದರೆ ಅವರು ಹಿಂದೆ ಸರಿಯಲಿಲ್ಲ. ಮಗಳ ವಿಷಯ ಅವರಿಗೆ ತಮಾಷೆಯಾಗಿರಲಿಲ್ಲ. ಎಂಜಿನಿಯರು ಉಳಿದವರನ್ನು ಕರೆದುಕೊಂಡು ಹಾಸ್ಟೆಲಿನ ಅಂಗಳಕ್ಕಿಳಿದರು. ಮಾಳಿಗೆಯ ಮೇಲೆ ಉಳಿದವರು ಆ ಮುದುಕಿ ಮತ್ತು ನಾನು. ಫರಸಿಗಳಿಗೆ ಒಂದು ಮಾರು ದೂರದಲ್ಲಿ, ಎದುರು ಮಾಳಿಗೆಗೆ ನೇರ ಮುಖಮಾಡಿ ನಿಂತೆವು. ಸಂದಿಯಲ್ಲಿ ನಮಗೆ ಕಾಣುತ್ತಿದ್ದದ್ದು ಒಂದು ಬೇವಿನ ಮರದ ತುದಿ, ಅಷ್ಟೇ. ನಿಚ್ಚಣಿಕೆ ಕಿರುಗುಟ್ಟಿತು. ಮಣ್ಣಿನ ಮೇಲೆ ಹೆಜ್ಜೆ ಕೇಳಿಸಿತು.

"ಅಮ್ಮಾ!"

ನಾನು ಅವರ ಮುಖ ನೋಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

"ಅಮ್ಮಾ, ಕಾಂ ಹೈ ತುಮೆ?"

ಎಲ್ಲಿದ್ದೀ ಎಂದು ಮಗ ಕೂಗುತ್ತಲೇ ಇದ್ದರು. ಹೆಜ್ಜೆಗಳು ಆ ತುದಿಗೆ ಹೋದವು, ಈ ತುದಿಗೆ ಬಂದವು. ಒಮ್ಮೆ ಕೂತು ನೋಡಿದಂತೆ, ಒಮ್ಮೆ ತುದಿಗಾಲಲ್ಲಿ ನಿಂತಂತೆ ಸದ್ದು. ಕೆಳಗಿನಿಂದ ಕುರಿಯವಳು ಕೂಗಿದಳು: "ಮೆಲ್ಲಕ ಅಡ್ಡಾಡರಿ ಯಪ್ಪಾ, ನಮ್ಮದು ಸರಕಾರದ ಮಾಳಿಗಿ ಅಲ್ಲ!"

"ಇಂಜಿನಿಯರ ಸಾಹೇಬ್ರ, ನಮ್ಮ ತಾಯಿ ಕೆಳಗ ಬಂದ್ರೇನ್ರಿ?" ವ್ಯಾಪಾರಿಯ ದನಿಯಲ್ಲಿ ಈಗ ಗಾಬರಿ ಇತ್ತು.

"ಇಲ್ರಿ," ಎಂದರು ಎಂಜಿನಿಯರು ಅಂಗಳದಿಂದ. "ಮೆಟ್ಟಲಾ ನನ್ನ ಮುಂದ ಅದ. ಯಾರೂ ಇಳದಿಲ್ಲ."

ಆಗ ಮುದುಕಿ ಮುಂದೆ ಹೋಗಿ, ತಮ್ಮ ಕೋಲನ್ನು ಓರೆ ಮಾಡಿ ಸಂದಿಯಿಂದ ಹೊರಗೆ ತೂರಿಸಿ ಅಲುಗಾಡಿಸಿದರು.

"ಇಧರೀಚ್ ಹೂಂ ರೇ! ಆಂಖಾಂ ನೈ ಕ್ಯಾ ತೇರೇಕು?"

ಇಲ್ಲೇ ಇದ್ದೇನಲ್ಲೋ, ನಿನಗೆ ಕಣ್ಣಿಲ್ಲವೇ ಎಂದು ತಾಯಿ ಬೈದದ್ದು ಅಂಗಳದಲ್ಲಿದ್ದ ಎಲ್ಲರಿಗೂ ತಿಳಿಯಿತು. ಮೊದಲು ನಕ್ಕವರು ಎಂಜಿನಿಯರು.

ವ್ಯಾಪಾರಿ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಮೇಲೆ ಬಂದರು. ಸೋತವರಂತೆ ಕಾಣಲಿಲ್ಲ, ಇನ್ನೂ ಯೋಚಿಸುತ್ತಿದ್ದರು. "ರಾತ್ರಿ ಒಳಗ ದೀಪ ಹಚ್ಚಿದ್ರ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಾಯಿ, "ಸೋನೇಕು ದಿಯಾ ಕೌನ್ ಜಲಾತಾ ರೇ? ಮಲಗಾಕ ಯಾರು ದೀಪ ಹಚ್ಚತಾರ?" ಎಂದು ಎರಡೂ ಭಾಷೆಯಲ್ಲಿ ಮುಗಿಸಿಬಿಟ್ಟರು.

"ಆತು," ಎಂದರು ಮಗ. "ಬಾಗಿಲಾ ಇರ್ಲಿ. ಆದ್ರ ಬಾಯಾರ, ಚಿಲಕ ಮಾಳಿಗಿ ಕಡೆಯಿಂದ ಹಾಕೂ ಹಂಗಿರಬೇಕು. ಹುಡುಗ್ಯಾರು ಮ್ಯಾಲ ಮಲಗಿದಾಗ ಅವರ ಕೈಯಾಗ ಇರಬೇಕು."

ನ್ಯಾಯವಾದ ಮಾತು. ಎಂಜಿನಿಯರು ಅಲ್ಲೇ ಒಪ್ಪಿದರು, ನಾನೂ ಒಪ್ಪಿದೆ. "ಸಿಮೆಂಟ ಬ್ಯಾಡೋ," ಎಂದು ಅವರು ಗೌಂಡಿಗೆ ಕೂಗಿ ಹೇಳಿದ್ದು ಕೇಳಿದಾಗ, ನನ್ನ ಎಡಗೈ ಸೀರೆಯ ಸೆರಗನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂಬುದು ಗೊತ್ತಾಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ಕುಳಿತುಕೊಳ್ಳಲು ಬೇರೇನೂ ಇರಲಿಲ್ಲವಾಗಿ ಆ ಇಟ್ಟಂಗಿಗಳ ಮೇಲೆಯೇ ಕುಳಿತೆ. ಮುದುಕಿಯೂ ಬಂದು ಪಕ್ಕದಲ್ಲಿ ಕುಳಿತರು.

"ಇದನ್ನ ಯಾರು ಕಲಿಸಿದ್ರು ಬೇಟೀ?"

"ಒಬ್ಬರು ಪರದೇಶದವರು. ಸ್ವಿಟ್ಜರ್ಲೆಂಡಿನವರು. ಈಗಿಲ್ಲ."

"ಅವರ ಊರಾಗ ಬಿಸಲು ಬಾಳ ಏನು?"

"ಇಲ್ರಿ ಅಮ್ಮಾ. ಬರ್ಫ್ ಬೀಳ್ತದ."

"ಮತ್ತ ಬಿಸಲಿನ ಸುದ್ದಿ ಅವಂಗ ಹ್ಯಾಂಗ ತಿಳೀತು?"

"ಮೊದಲ ತಪ್ಪು ಮಾಡಿದ್ರು. ಜನ ಬೆಂದ್ರು. ಆಮ್ಯಾಲ ತಿದ್ದಿಕೊಂಡ್ರು."

"ತಿದ್ದಿಕೊಂಡನಲ್ಲ, ಚೊಲೋ ಮನಷ್ಯಾ," ಎಂದರು. ನಂತರ ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ ಮಗನ ಕಡೆ ಗಲ್ಲ ತೋರಿಸಿ, "ಇಂವ ಈಗ ಶುರು ಮಾಡ್ಯಾನ," ಎಂದರು.

ಆ ವಾಸ್ತುಶಿಲ್ಪಿಯ ಕುರಿತು ನಾನು ಬರೆದ ಪ್ರಬಂಧಕ್ಕೆ ಸಿಕ್ಕ ಅಂಕ ನನಗೆ ಮರೆತುಹೋಗಿದೆ. ಈ ಮಾತು ಮರೆತಿಲ್ಲ.

ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಹೋದರು. ವ್ಯಾಪಾರಿ ಹೋಗುವ ಮುಂಚೆ ಖೋಲಿಗಳಲ್ಲಿ ಗೂಡು ಎಷ್ಟಿವೆ, ಕನ್ನಡಿ ಎಲ್ಲಿ ತೂಗುಹಾಕಬಹುದು ಎಂದು ವಿಚಾರಿಸಿದರು. ಆಗ ಅವರ ಮಗಳು ಬರುತ್ತಾಳೆ ಎಂದು ಖಚಿತವಾಯಿತು. ಎಂಜಿನಿಯರು ಜೀಪಿನಲ್ಲಿ ಕುಳಿತು ನನಗಾಗಿ ಕಾದರು.

"ನಾ ನಾಳೆ ಬಸ್ಸಿಗೆ ಬರ್ತೀನಿ ಸರ್."

"ಇನ್ನೇನದವಾ ಇಲ್ಲಿ?"

"ಮಾಳಿಗಿ ನೋಡಬೇಕು."

"ಬೆಳಗಿನಿಂದ ಅದನ್ನ ನೋಡಿದ್ವಲ್ಲ?" ಎಂದರು. ಆದರೂ ಒತ್ತಾಯಿಸದೆ ಹೊರಟರು. ಹಾಸ್ಟೆಲು ನೋಡಿಕೊಳ್ಳಲು ಆಗಲೇ ನೇಮಕವಾಗಿದ್ದ ಬಾಯಿಯವರು ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದರು, ಒಂದು ಕೌದಿ ಕೊಟ್ಟರು. ಅವರದೊಂದು ಹಾಸಿಗೆ, ನನ್ನದೊಂದು, ಮೇಲೆ ಹಾಸಿದೆವು. ಚಿಲಕ ಇನ್ನೂ ಬಂದಿರಲಿಲ್ಲವಾದ್ದರಿಂದ ಬಾಗಿಲಿಗೆ ಹಗ್ಗ ಕಟ್ಟಿದೆವು.

ಮರುದಿನ ನಸುಕಿಗೇ ಎಚ್ಚರವಾಯಿತು. ಅಭ್ಯಾಸದಂತೆ ಎದ್ದು ಕುಳಿತೆ. ಕೈ ಕೌದಿಯ ಅಂಚನ್ನು ಹಿಡಿದು ಸುತ್ತಲು ಆಗಲೇ ಶುರು ಮಾಡಿತ್ತು. ಫರಸಿಗಳ ನಡುವಿನಿಂದ ತಂಪು ಗಾಳಿ ಬರುತ್ತಿತ್ತು. ಆಚೆ ಕುರಿಯವರ ಮಾಳಿಗೆಯಲ್ಲಿ ಯಾರೋ ಕೆಮ್ಮಿ ಮಗ್ಗುಲಾದರು. ನಾನು ಕೌದಿಯನ್ನು ಮತ್ತೆ ಬಿಚ್ಚಿ ಮಲಗಿದೆ. ಬಿಸಿಲು ಮೊದಲು ಫರಸಿಗಳ ತಲೆಗೆ ಬಿತ್ತು, ಕಲ್ಲಿನುದ್ದಕ್ಕೂ ಇಳಿಯುತ್ತ ನೆಲಕ್ಕೆ ಬಂತು, ನೆಲದಿಂದ ನನ್ನ ಪಾದಕ್ಕೆ. ಅದು ಮುಖಕ್ಕೆ ಬರುವವರೆಗೆ ನಾನು ಏಳಲಿಲ್ಲ. ಬಾಯಿಯವರು ಎರಡು ಸಲ ಚಹಾಕ್ಕೆ ಕರೆದರು.

ಆಮೇಲೆ ಎದ್ದು, ಬಾಗಿಲ ಪಕ್ಕದಲ್ಲಿದ್ದ ಇಟ್ಟಂಗಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ, ಮೂಲೆಯಲ್ಲಿ ನೆರಳು ಬೀಳುವ ಜಾಗದಲ್ಲಿ ನೀರಿನ ಕೊಡ ಇಡಲು ಒಂದು ಕಟ್ಟೆ ಜೋಡಿಸಿದೆ. ನಾಯಿ ಹೆಜ್ಜೆಯ ಇಟ್ಟಂಗಿಯನ್ನು ಹೆಜ್ಜೆ ಕಾಣುವಂತೆ ಮೇಲಿಟ್ಟು, ಕೈ ತೊಳೆದುಕೊಂಡು, ರಾಯಚೂರಿನ ಬಸ್ಸಿಗೆ ಹೊರಟೆ.